ಲೆಕ್ಕಕ್ಕೆ ಸಿಗುವ ಆಟ, ಲೆಕ್ಕಕ್ಕೆ ಸಿಗದ ಆಟ

(ಮೈಸೂರಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಬಂದ ಜಾಗದಲ್ಲೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಟನ್ ಒತ್ತಿ ಗೋಲು ಹೊಡೆಯುವ ವಿಡಿಯೊ ಗೇಮ್‌ಗಳ ಬಗ್ಗೆ ಕೇಳೋಣ ಅಂತ ಬಂದವರು ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ, ಇವತ್ತಿನ ವಿಷಯ ಅದಲ್ಲ. ದುಡ್ಡು ಕಟ್ಟಿ ಹನ್ನೊಂದು ಜನರನ್ನು ಆರಿಸುವ ಫ್ಯಾಂಟಸಿ ಆ್ಯಪ್‌ಗಳೂ ಅಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ತಡೆ ಹಾಕಿತು. ಅದರ ಚರ್ಚೆ ಇನ್ನೊಂದು ದಿನಕ್ಕಿರಲಿ. ನನ್ನ ವಿಷಯ ಟೀಮ್ ಮ್ಯಾನೇಜರ್ ಆಟಗಳು. ಇದರಲ್ಲಿ ನೀವು ಮೈದಾನಕ್ಕೆ ಇಳಿಯುವುದೇ ಇಲ್ಲ. ಆಟಗಾರರನ್ನು ಕೊಳ್ಳುತ್ತೀರಿ, ಮಾರುತ್ತೀರಿ, ಯಾರಿಗೆ ಏನು ತರಬೇತಿ ಅಂತ ತೀರ್ಮಾನ ಮಾಡುತ್ತೀರಿ, ಮುಂದಿನ ಮ್ಯಾಚ್‌ಗೆ ಯಾರು ಆಡಬೇಕು ಅಂತ ಪಟ್ಟಿ ಕೊಡುತ್ತೀರಿ. ಆಮೇಲೆ ಕಂಪ್ಯೂಟರ್ ಆಟ ಆಡಿಸಿ ಫಲಿತಾಂಶ ಹೇಳುತ್ತದೆ. ಪರದೆ ತುಂಬಾ ಬರೀ ಕೋಷ್ಟಕಗಳು. ನಮ್ಮ ಮನೆಯಲ್ಲಂತೂ ನಾನು ಇದನ್ನು ತೆರೆದು ಕೂತರೆ ‘ಆಫೀಸ್ ಕೆಲಸ ಮನೆಗೂ ತಂದ್ಯಾ?’ ಅಂತಲೇ ಕೇಳುತ್ತಾರೆ.

ಮುಖ್ಯವಾಗಿ ಎರಡು ಆಟಗಳನ್ನು ಮುಂದಿಟ್ಟುಕೊಳ್ಳುತ್ತೇನೆ. ಒಂದು ಹ್ಯಾಟ್ರಿಕ್. 1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಫುಟ್‌ಬಾಲ್ ಮ್ಯಾನೇಜರ್ ಆಟ, ಬ್ರೌಸರ್‌ನಲ್ಲೇ ಆಡುವಂಥದ್ದು. 2009ರ ಸುಮಾರಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಜನ ಆಡುತ್ತಿದ್ದರು. ಈಗ ಆ ಭರಾಟೆ ಇಲ್ಲ, ಆದರೂ ನಡೆಯುತ್ತಿದೆ. ಇನ್ನೊಂದು ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್, ಆಡುವವರ ಬಾಯಲ್ಲಿ ಓಓಟಿಪಿ. ಅಮೆರಿಕದ ಆಟವಾದರೂ ಇದನ್ನು ಮಾಡಿದವರು ಜರ್ಮನಿಯ ಮಾರ್ಕಸ್ ಹೈನ್ಸೋನ್. ಇದನ್ನು ಒಬ್ಬರೇ ಆಡಬಹುದು, ಹತ್ತಿಪ್ಪತ್ತು ಜನ ಸೇರಿ ಆನ್‌ಲೈನ್ ಲೀಗ್ ಮಾಡಿಕೊಂಡೂ ಆಡಬಹುದು.

ಮೇಲ್ನೋಟಕ್ಕೆ ಎರಡೂ ಒಂದೇ. ಅದೇ ಕೋಷ್ಟಕ, ಅದೇ ಸಂಬಳದ ಲೆಕ್ಕ, ಅದೇ ಗಾಯಾಳುಗಳ ಪಟ್ಟಿ. ಆದರೆ ಒಳಗೆ ನಡೆಯುವುದು ಪೂರ್ತಿ ಬೇರೆ ಅನ್ನುವುದೇ ಇವತ್ತು ನಾನು ಹೇಳಬೇಕು ಅಂತಿರುವ ಮಾತು. ಬೇಸ್‌ಬಾಲನ್ನು ಹೆಚ್ಚುಕಡಿಮೆ ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಬಹುದು. ಫುಟ್‌ಬಾಲ್ ಹಾಗೆ ಇಳಿಯುವುದಿಲ್ಲ. ಅದನ್ನು ಮಾಡಿದವರು ‘ಫುಟ್‌ಬಾಲ್ ಅಂದ್ರೆ ಹೀಗೆ’ ಅನ್ನುವ ತಮ್ಮ ಅಭಿಪ್ರಾಯವನ್ನು ಒಳಗೆ ಬರೆದಿಟ್ಟಿರುತ್ತಾರೆ. ಬೇಸ್‌ಬಾಲ್ ಮ್ಯಾನೇಜರ್ ಆಡುತ್ತಾ ಆಡುತ್ತಾ ನೀವು ಬೇಸ್‌ಬಾಲ್ ಕಲಿಯುತ್ತೀರಿ. ಫುಟ್‌ಬಾಲ್ ಮ್ಯಾನೇಜರ್ ಆಡುತ್ತಾ ಆಡುತ್ತಾ ಅದನ್ನು ಮಾಡಿದವರ ತಲೆಯಲ್ಲಿ ಏನಿದೆ ಅಂತ ಕಲಿಯುತ್ತೀರಿ.

ಬೇಸ್‌ಬಾಲ್ ಗೊತ್ತಿಲ್ಲದವರು ಗಾಬರಿಯಾಗಬೇಡಿ. ಚೌಕಾಬಾರ ಆಡಿದ್ದೀರಲ್ವಾ? ಕಾಯಿ ಮನೆಯಿಂದ ಹೊರಡುತ್ತದೆ, ಸುತ್ತಿ ಬರುತ್ತದೆ, ಕಟ್ಟೆಯಲ್ಲಿ ಕೂತರೆ ಯಾರೂ ಹೊಡೆಯುವಂತಿಲ್ಲ, ಕೊನೆಗೆ ಹಣ್ಣಾಗುತ್ತದೆ. ಬೇಸ್‌ಬಾಲೂ ಅಷ್ಟೇ. ಬ್ಯಾಟರ್ ಚೆಂಡು ಹೊಡೆದು ಒಂದನೇ ಬೇಸ್‌ಗೆ ಓಡುತ್ತಾನೆ. ಬೇಸ್ ಅಂದರೆ ಕಟ್ಟೆ, ಅಲ್ಲಿ ನಿಂತಿರುವವರೆಗೆ ಔಟಿಲ್ಲ. ಎರಡು, ಮೂರು ದಾಟಿ ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಮೂರು ಜನ ಔಟಾದರೆ ಎದುರು ತಂಡದ ಸರದಿ. ಹೀಗೆ ಒಂಬತ್ತು ಇನ್ನಿಂಗ್ಸ್.

ಈಗ ಲೆಕ್ಕ ನೋಡಿ. ಔಟ್ ಆದವರು ಸೊನ್ನೆ, ಒಂದು ಅಥವಾ ಎರಡು. ಮೂರು ಸ್ಥಿತಿ. ಮೂರು ಬೇಸ್‌ಗಳಲ್ಲಿ ಯಾವುದರಲ್ಲಿ ಓಟಗಾರ ಇದ್ದಾನೆ, ಯಾವುದು ಖಾಲಿ ಅನ್ನುವುದು ಎಂಟು ಬಗೆ. ಮೂರೆಂಟ್ಲ ಇಪ್ಪತ್ತನಾಲ್ಕು. ಬೇಸ್‌ಬಾಲ್ ಮ್ಯಾಚ್‌ನ ಯಾವುದೇ ಕ್ಷಣದಲ್ಲಿ ಮೈದಾನ ಈ 24 ಸ್ಥಿತಿಗಳಲ್ಲಿ ಒಂದರಲ್ಲಿ ಇರುತ್ತದೆ. ಇಪ್ಪತ್ತೈದನೆಯದು ಇಲ್ಲ. ಪ್ರತಿ ಸ್ಥಿತಿಯಿಂದ ಆ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಸರಾಸರಿ ಎಷ್ಟು ರನ್ ಬರುತ್ತವೆ ಅಂತ ಹಳೇ ಮ್ಯಾಚ್‌ಗಳ ದಾಖಲೆಯಿಂದ ತೆಗೆದು ಪಟ್ಟಿ ಮಾಡಿದ್ದಾರೆ.

ಆ ಪಟ್ಟಿಯಿಂದ ಒಂದೇ ಒಂದು ಉದಾಹರಣೆ. ಒಬ್ಬ ಓಟಗಾರ ಒಂದನೇ ಬೇಸ್‌ನಲ್ಲಿದ್ದಾನೆ, ಯಾರೂ ಔಟಾಗಿಲ್ಲ. ಸರಾಸರಿ ಸುಮಾರು 0.9 ರನ್ ಬರುತ್ತದೆ. ಹಳೇ ಕಾಲದ ಕೋಚ್‌ಗಳು ಇಲ್ಲಿ ‘ಸ್ಯಾಕ್ರಿಫೈಸ್ ಬಂಟ್’ ಮಾಡಿಸುತ್ತಿದ್ದರು. ಬ್ಯಾಟ್ ಬೀಸದೆ ಚೆಂಡಿಗೆ ಸುಮ್ನೆ ತಾಗಿಸಿ, ತಾನು ಔಟಾಗಿ, ಜೊತೆಗಾರನನ್ನು ಎರಡನೇ ಬೇಸ್‌ಗೆ ಕಳಿಸುವುದು. ನೋಡುವುದಕ್ಕೆ ಎಂಥ ತ್ಯಾಗ! ಆದರೆ ಎರಡನೇ ಬೇಸ್‌ನಲ್ಲಿ ಒಬ್ಬ, ಒಂದು ಔಟ್ ಅನ್ನುವ ಸ್ಥಿತಿಯ ಸರಾಸರಿ ಸುಮಾರು 0.7. ತ್ಯಾಗ ಮಾಡಿ ಕಳೆದುಕೊಂಡಿರಿ. ಕೊನೇ ಹೊತ್ತಿನಲ್ಲಿ ಒಂದೇ ರನ್ ಸಾಕು ಅನ್ನುವಾಗ ಈ ವ್ಯತ್ಯಾಸ ತುಂಬಾ ಕಿರಿದಾಗುತ್ತದೆ. ಬ್ಯಾಟರ್ ತೀರಾ ದುರ್ಬಲನಾಗಿದ್ದರೆ ಬಂಟ್ ಸರಿಯೂ ಆಗಬಹುದು. ಓಓಟಿಪಿಯಲ್ಲಿ ಕೂತು ಇದನ್ನೇ ತೀರ್ಮಾನಿಸಬೇಕು. ಒಳ್ಳೇ ವಿಷಯ ಏನಂದ್ರೆ, ನಿಜವಾದ ಬೇಸ್‌ಬಾಲ್‌ನಲ್ಲಿ ಯಾವುದು ಸರಿಯೋ ಈ ಆಟದಲ್ಲೂ ಅದೇ ಸರಿ. ಒಳಗಿರುವುದು ಅದೇ ಲೆಕ್ಕ ತಾನೇ.

ಅದಕ್ಕೇ ಬೇಸ್‌ಬಾಲ್‌ಗೆ ಕಂಪ್ಯೂಟರ್ ಕೂಡ ಬೇಕಾಗಿರಲಿಲ್ಲ. 1961ರಲ್ಲಿ ಹಾಲ್ ರಿಚ್‌ಮನ್ ಅನ್ನುವವರು ಸ್ಟ್ರಾಟ್-ಓ-ಮ್ಯಾಟಿಕ್ ಅಂತ ಒಂದು ಆಟ ತಂದರು. ಪ್ರತಿ ಆಟಗಾರನಿಗೆ ಒಂದು ಕಾರ್ಡ್. ಮೂರು ದಾಳ ಹಾಕಬೇಕು. ಒಂದು ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡ್ ನೋಡಬೇಕು. 4, 5, 6 ಬಿದ್ದರೆ ಪಿಚರ್‌ನ, ಅಂದರೆ ಚೆಂಡು ಎಸೆಯುವವನ ಕಾರ್ಡ್. ಉಳಿದೆರಡು ದಾಳಗಳ ಮೊತ್ತ ಎಷ್ಟೋ ಆ ಸಾಲಿನಲ್ಲಿ ಫಲಿತಾಂಶ ಬರೆದಿರುತ್ತದೆ. ಔಟ್, ಸಿಂಗಲ್, ಹೋಮ್ ರನ್, ಹೀಗೆ. ಅರ್ಧ ಸಲ ಫಲಿತಾಂಶ ಬ್ಯಾಟರ್ ಕೈಯಲ್ಲಿ, ಅರ್ಧ ಸಲ ಪಿಚರ್ ಕೈಯಲ್ಲಿ. ಇಷ್ಟು ಸರಳವಾದ ಏರ್ಪಾಡಿನಿಂದ ಒಂದು ಸೀಸನ್ ಆಡಿಸಿದರೆ ಆಟಗಾರರ ಅಂಕಿಅಂಶ ನಿಜವಾದ ಸೀಸನ್‌ಗೆ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತದೆ. ಇದಕ್ಕೂ ಹತ್ತು ವರ್ಷ ಮೊದಲು, 1951ರಲ್ಲೇ, ಎಪಿಬಿಎ ಅನ್ನುವ ಇಂಥದ್ದೇ ಆಟ ಬಂದಿತ್ತು. 1971ರಲ್ಲಿ ಡಾನ್ ಡ್ಯಾಗ್ಲೋ ಅನ್ನುವ ವಿದ್ಯಾರ್ಥಿ ಕಾಲೇಜಿನ ಪಿಡಿಪಿ-10 ಕಂಪ್ಯೂಟರ್‌ನಲ್ಲಿ ಬೇಸ್‌ಬಾಲ್ ಬರೆದರು. ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ ಮೊದಲ ಮ್ಯಾನೇಜರ್ ಆಟ, ಕೆವಿನ್ ಟಾಮ್ಸ್ ಅವರದ್ದು, ಬಂದಿದ್ದು 1982ರಲ್ಲಿ. ಫುಟ್‌ಬಾಲ್ ಅಭಿಮಾನಿಗಳು ಬೇಸ್‌ಬಾಲ್‌ನವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೂ ತಡ ಆಯಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ಬೇಸ್‌ಬಾಲ್‌ನ ಸ್ಕೋರ್ ಪಟ್ಟಿಯನ್ನು ರೂಢಿಗೆ ತಂದ ಹೆನ್ರಿ ಚ್ಯಾಡ್‌ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು, ಕ್ರಿಕೆಟ್ ವರದಿ ಬರೆಯುತ್ತಿದ್ದ ಪತ್ರಕರ್ತ. ಎರಡೂ ಆಟಗಳಲ್ಲಿ ಒಬ್ಬನ ಲೆಕ್ಕ ಇನ್ನೊಬ್ಬನ ಲೆಕ್ಕದಿಂದ ಬೇರೆ ಮಾಡಿ ಬರೆಯಬಹುದು. ನಮ್ಮ ಮೈಸೂರಿನಲ್ಲೇ ಬೆಳೆದ ಜಾವಗಲ್ ಶ್ರೀನಾಥ್ 1999ರ ಕೋಲ್ಕತ್ತಾ ಟೆಸ್ಟ್‌ನಲ್ಲಿ ಪಾಕಿಸ್ತಾನದ 13 ವಿಕೆಟ್ ತೆಗೆದರು. ಭಾರತ ಸೋತಿತು. ಸೋತಿದ್ದು ತಂಡ, ಆ 13 ವಿಕೆಟ್ ಶ್ರೀನಾಥ್ ಖಾತೆಯಲ್ಲಿ ಹಾಗೇ ಇವೆ. ಬೇಸ್‌ಬಾಲ್‌ನಲ್ಲಿ 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಅವರ ಕಥೆಯೂ ಇದೇ. ಅವರ ಹೆಸರಿನಲ್ಲಿದ್ದ ಗೆಲುವು 10, ಸೋಲು 9. ನೋಡಿದರೆ ಸಾಧಾರಣ ಪಿಚರ್. ಆದರೆ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ ಕೇವಲ 1.70. ಆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೇ ಸಿಕ್ಕಿತು.

ಫುಟ್‌ಬಾಲ್‌ನಲ್ಲಿ ಒಬ್ಬ ಡಿಫೆಂಡರ್‌ನ ಲೆಕ್ಕ ಹೀಗೆ ಬೇರೆ ಮಾಡಿ ತೋರಿಸಿ ನೋಡೋಣ. ಅವನು ಸರಿಯಾದ ಜಾಗದಲ್ಲಿ ನಿಂತಿದ್ದಕ್ಕೇ ಎದುರಿನವನು ಆ ಕಡೆ ಪಾಸ್ ಕೊಡಲಿಲ್ಲ. ಆಗದೇ ಇದ್ದ ಪಾಸನ್ನು ಯಾವ ಕಾಲಮ್‌ನಲ್ಲಿ ಬರೆಯುತ್ತೀರಿ? ಇಪ್ಪತ್ತೆರಡು ಜನ, ಒಂದು ಚೆಂಡು, ನಿಲ್ಲದ ಓಟ. ಸ್ಥಿತಿ 24 ಅಂತ ಎಣಿಸುವ ಮಾತೇ ಇಲ್ಲ.

ದಾಖಲೆಯ ವಿಷಯಕ್ಕೆ ಬಂದರೂ ಅಷ್ಟೇ. ಫುಟ್‌ಬಾಲ್ ನಮಗೇನೂ ಹೊಸದಲ್ಲ. ಮೈಸೂರು ತಂಡ 1946-47ರಲ್ಲೇ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರಲ್ಲಿ ಗೆದ್ದ ಮೇಲೆ ಮತ್ತೆ ಕರ್ನಾಟಕ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಹಳೇ ಫುಟ್‌ಬಾಲ್ ಮ್ಯಾಚ್‌ಗಳಿಂದ ಸಾಮಾನ್ಯವಾಗಿ ಉಳಿಯುವುದು ಸ್ಕೋರು, ಗೋಲು ಹೊಡೆದವರ ಹೆಸರು, ಅಷ್ಟೆ. ಓಓಟಿಪಿಯಲ್ಲಿ ಬೇಕಾದರೆ 1871ರ ಸೀಸನ್‌ನಿಂದ ಶುರು ಮಾಡಬಹುದು, ಆಗಿನ ಆಟಗಾರರ ಅಂಕಿಗಳು ಸಿಗುತ್ತವೆ.

ಹಾಗಾದರೆ ಫುಟ್‌ಬಾಲ್ ಮ್ಯಾನೇಜರ್ ಆಟ ಮಾಡುವವರು ಏನು ಮಾಡುತ್ತಾರೆ? ಹ್ಯಾಟ್ರಿಕ್ ಒಳಗೆ ಇಣುಕೋಣ. ನಿಮ್ಮ ಹನ್ನೊಂದು ಜನರ ಸಾಮರ್ಥ್ಯವನ್ನೆಲ್ಲ ಸೇರಿಸಿ ಅದು ಏಳು ರೇಟಿಂಗ್ ಮಾಡುತ್ತದೆ. ಮಿಡ್‌ಫೀಲ್ಡ್‌ಗೆ ಒಂದು. ಡಿಫೆನ್ಸ್‌ಗೆ ಎಡ, ಮಧ್ಯ, ಬಲ ಅಂತ ಮೂರು. ಅಟ್ಯಾಕ್‌ಗೂ ಹಾಗೇ ಮೂರು. ಎರಡು ತಂಡಗಳ ಮಿಡ್‌ಫೀಲ್ಡ್ ತೂಕ ನೋಡಿ ಗೋಲಿನ ಅವಕಾಶಗಳು ಹಂಚಿಕೆಯಾಗುತ್ತವೆ. ಅವಕಾಶ ಎಡಗಡೆಯಿಂದ ಬಂದರೆ ನಿಮ್ಮ ಎಡ ಅಟ್ಯಾಕ್, ಎದುರಿನವರ ಬಲ ಡಿಫೆನ್ಸ್, ಇವೆರಡರ ಜಗಳ. ಮೈದಾನ ಅಂದರೆ ಇಷ್ಟೇ.

ಇದರಲ್ಲಿ ಒಂದು ಅಭಿಪ್ರಾಯ ಅಡಗಿದೆ, ಗಮನಿಸಿ. ಮಿಡ್‌ಫೀಲ್ಡ್ ಹಿಡಿದವನಿಗೆ ಅವಕಾಶ ಜಾಸ್ತಿ ಅನ್ನುವುದು. ನಿಜವಾದ ಫುಟ್‌ಬಾಲ್‌ನಲ್ಲಿ ಹೀಗೆ ಆಗಲೇಬೇಕು ಅಂತೇನಿಲ್ಲ. 2015-16ರಲ್ಲಿ ಲೆಸ್ಟರ್ ಸಿಟಿ ಚೆಂಡನ್ನು ಎದುರಿನವರಿಗೇ ಬಿಟ್ಟುಕೊಟ್ಟು, ಸಿಕ್ಕಿದ ತಕ್ಷಣ ಓಡಿ ಗೋಲು ಹೊಡೆದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ಹ್ಯಾಟ್ರಿಕ್‌ನಲ್ಲಿ ಅದಕ್ಕೆ ‘ಕೌಂಟರ್ ಅಟ್ಯಾಕ್’ ಅಂತ ಬೇರೆಯೇ ತಂತ್ರ ಇಟ್ಟಿದ್ದಾರೆ, ಮಿಡ್‌ಫೀಲ್ಡ್ ಸೋತವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಸೂತ್ರಕ್ಕೆ ಹೊಂದದ ಫುಟ್‌ಬಾಲನ್ನು ಸೂತ್ರದ ಪಕ್ಕದಲ್ಲಿ ಹೀಗೆ ಕೂರಿಸಿದ್ದಾರೆ. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ಬೇರೆ ದಾರಿ ಇಲ್ಲ.

ಆಟ ತಯಾರಕರಷ್ಟೇ ಅಲ್ಲ, ಫುಟ್‌ಬಾಲ್ ಲೆಕ್ಕ ಇಟ್ಟವರೆಲ್ಲ ಇದೇ ಇಕ್ಕಟ್ಟಿಗೆ ಸಿಕ್ಕಿದ್ದಾರೆ. ಚಾರ್ಲ್ಸ್ ರೀಪ್ ಅನ್ನುವ ಇಂಗ್ಲಿಷ್ ಅಕೌಂಟೆಂಟ್ 1950ರಿಂದ ಮ್ಯಾಚ್‌ಗಳಿಗೆ ಹೋಗಿ ಪೆನ್ಸಿಲ್ ಹಿಡಿದು ಪ್ರತಿ ಪಾಸ್ ಗುರುತು ಹಾಕಿಕೊಳ್ಳುತ್ತಿದ್ದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಿಂದ ಬರುತ್ತವೆ ಅಂತ ಕಂಡುಕೊಂಡರು. ಸರಿ, ಹಾಗಾದ್ರೆ ಉದ್ದಕ್ಕೆ ಒದೆಯಿರಿ ಅಂತ ಇಂಗ್ಲೆಂಡಿನಲ್ಲಿ ಕೆಲವರು ತೀರ್ಮಾನ ಮಾಡಿಬಿಟ್ಟರು. ಆದರೆ ಫುಟ್‌ಬಾಲ್‌ನಲ್ಲಿ ಚೆಂಡು ಕೈತಪ್ಪುವುದೇ ಬಹುಪಾಲು ಮೂರು ಪಾಸ್ ಒಳಗೆ. ಸಣ್ಣ ಸರಣಿಗಳೇ ಜಾಸ್ತಿ ಇರುವಾಗ ಗೋಲುಗಳೂ ಅಲ್ಲಿಂದಲೇ ಜಾಸ್ತಿ ಬರುತ್ತವೆ. ಎಣಿಸಿದ್ದು ಸರಿ, ಅದರಿಂದ ತೆಗೆದ ಅರ್ಥ ತಪ್ಪು.

ಈ ಅಭಿಪ್ರಾಯದ ಆಟ ದೊಡ್ಡ ಮಟ್ಟಕ್ಕೆ ಬೆಳೆದಿರುವುದು ‘ಫುಟ್‌ಬಾಲ್ ಮ್ಯಾನೇಜರ್’ ಅನ್ನುವ ಹೆಸರಿನದೇ ಆಟಗಳ ಸರಣಿಯಲ್ಲಿ. 1992ರಲ್ಲಿ ಕಾಲಿಯರ್ ಸಹೋದರರು ಚಾಂಪಿಯನ್‌ಶಿಪ್ ಮ್ಯಾನೇಜರ್ ಅಂತ ಶುರು ಮಾಡಿದ್ದು ಆಮೇಲೆ ಈ ಹೆಸರಿಗೆ ಬಂತು. ಅವರಿಗೆ ದೇಶದೇಶಗಳಲ್ಲಿ ಆಟಗಾರರನ್ನು ನೋಡಿ ಅಂಕ ಕೊಡುವ ಜನರ ಜಾಲವೇ ಇದೆ. ಒಬ್ಬ ಆಟಗಾರನ ಪಾಸಿಂಗ್ ಎಷ್ಟು, ಧೈರ್ಯ ಎಷ್ಟು, ಎಲ್ಲಕ್ಕೂ 1ರಿಂದ 20ರವರೆಗೆ ಅಂಕ. ಇವು ಎಣಿಸಿ ಬಂದ ಅಂಕಿಗಳಲ್ಲ, ಯಾರೋ ನೋಡಿ ಕೊಟ್ಟಿದ್ದು. ಬಹಳ ಸಲ ಸರಿಯಾಗಿಯೇ ಇರುತ್ತವೆ. ಎಷ್ಟೆಂದರೆ 2008ರಲ್ಲಿ ಎವರ್ಟನ್ ಕ್ಲಬ್ ಈ ದತ್ತಾಂಶವನ್ನು ನಿಜವಾದ ಆಟಗಾರರನ್ನು ಹುಡುಕಲು ಬಳಸುವುದಕ್ಕೆ ಒಪ್ಪಂದ ಮಾಡಿಕೊಂಡಿತ್ತು. ಕೆಲವು ಸಲ ನಗುವ ಹಾಗೂ ಆಗುತ್ತದೆ. ಟಾಂಟನ್ ಝೋಲಾ ಮೊಕೊಕೊ ಹೆಸರು ಹಳೇ ಆಟಗಾರರಿಗೆಲ್ಲ ಗೊತ್ತು. ಆಟದಲ್ಲಿ ಅವರು ಜಗತ್ತನ್ನೇ ಗೆಲ್ಲುವ ಮಿಡ್‌ಫೀಲ್ಡರ್. ನಿಜದಲ್ಲಿ ಡರ್ಬಿ ಕೌಂಟಿಯ ಮುಖ್ಯ ತಂಡದಲ್ಲಿ ಒಂದು ಮ್ಯಾಚನ್ನೂ ಆಡಲಿಲ್ಲ.

ಬೇಸ್‌ಬಾಲ್‌ನಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ ಅಂತಲ್ಲ. ಹದಿನೆಂಟರ ಹುಡುಗ ಮುಂದೆ ಏನಾಗುತ್ತಾನೆ ಅನ್ನುವುದು ಅಲ್ಲೂ ಊಹೆಯೇ. ಅವರ ಸ್ಕೌಟ್‌ಗಳು, ಅಂದರೆ ಹೊಸ ಆಟಗಾರರನ್ನು ಹುಡುಕುವವರು, 20ರಿಂದ 80ರವರೆಗೆ ಅಂಕ ಕೊಡುತ್ತಾರೆ, 50 ಅಂದರೆ ಅಮೆರಿಕದ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನ ಸರಾಸರಿ. ಓಓಟಿಪಿಯಲ್ಲೂ ಈ ಅಳತೆಯೇ. ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಏರ್ಪಾಡಿಗೆ ಡ್ರಾಫ್ಟ್ ಅಂತಾರೆ. 1988ರ ಡ್ರಾಫ್ಟ್‌ನಲ್ಲಿ ಮೈಕ್ ಪಿಯಾಝಾ ಅವರನ್ನು ಆರಿಸಿದ್ದು 62ನೇ ಸುತ್ತಿನಲ್ಲಿ. ಅಷ್ಟೊತ್ತಿಗೆ ಬಹುತೇಕರು ಎದ್ದು ಮನೆಗೆ ಹೊರಟಿರುತ್ತಾರೆ. 2016ರಲ್ಲಿ ಅವರು ಬೇಸ್‌ಬಾಲ್‌ನ ಶ್ರೇಷ್ಠರಿಗೆ ಮೀಸಲಾದ ಹಾಲ್ ಆಫ್ ಫೇಮ್ ಸೇರಿದರು.

ಈಗ ಅದೃಷ್ಟದ ವಿಷಯ. ಇದು ಎರಡೂ ಆಟಗಳ ರುಚಿಯನ್ನೇ ಬದಲಾಯಿಸುತ್ತದೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಸೀಸನ್‌ಗೆ 162 ಮ್ಯಾಚ್. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಗೆದ್ದು ದಾಖಲೆಯನ್ನು ಸರಿಗಟ್ಟಿತು. ಅಂಥ ತಂಡವೂ 46 ಸೋತಿತ್ತು. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಸೋತು ಕೆಟ್ಟ ದಾಖಲೆ ಬರೆಯಿತು, ಅದೂ 41 ಗೆದ್ದಿತು. ಒಂದೊಂದು ಮ್ಯಾಚ್ ನೋಡಿದರೆ ಯಾರು ಬೇಕಾದರೂ ಗೆಲ್ಲಬಹುದು. ಅದಕ್ಕೇ ಓಓಟಿಪಿಯಲ್ಲಿ ನಾಲ್ಕು ಮ್ಯಾಚ್ ಸತತ ಸೋತು ತಂಡ ಬದಲಾಯಿಸುವವನು ಹೊಸಬ ಅಂತ ತಕ್ಷಣ ಗೊತ್ತಾಗುತ್ತದೆ. ಹಳಬರು ಗೆಲುವು ಸೋಲು ನೋಡುವುದೇ ಕಡಿಮೆ. ಹೊಡೆದ ರನ್ ಎಷ್ಟು, ಬಿಟ್ಟುಕೊಟ್ಟ ರನ್ ಎಷ್ಟು ನೋಡುತ್ತಾರೆ. ಬೇಸ್‌ಬಾಲ್ ಅಂಕಿಅಂಶಗಳ ಬಗ್ಗೆ ಬರೆದು ಹೆಸರಾದ ಬಿಲ್ ಜೇಮ್ಸ್ ಕೊಟ್ಟ ಸೂತ್ರ ಒಂದಿದೆ. ಹೊಡೆದ ರನ್‌ನ ವರ್ಗವನ್ನು, ಹೊಡೆದದ್ದರ ವರ್ಗ ಮತ್ತು ಬಿಟ್ಟುಕೊಟ್ಟದ್ದರ ವರ್ಗ ಇವೆರಡರ ಮೊತ್ತದಿಂದ ಭಾಗಿಸಿದರೆ ನೂರಕ್ಕೆ ಎಷ್ಟು ಗೆಲ್ಲಬೇಕಿತ್ತು ಅಂತ ಬರುತ್ತದೆ. 800 ಹೊಡೆದು 700 ಬಿಟ್ಟುಕೊಟ್ಟ ತಂಡ ಸುಮಾರು ನೂರಕ್ಕೆ 57 ಗೆಲ್ಲಬೇಕು, ಅಂದರೆ 162ರಲ್ಲಿ 92ರ ಆಸುಪಾಸು. ನಿಮ್ಮ ತಂಡ 80 ಮಾತ್ರ ಗೆದ್ದಿದ್ದರೆ ಬಹುಮಟ್ಟಿಗೆ ಅದೃಷ್ಟ ಕೈಕೊಟ್ಟಿದೆ, ಆಟಗಾರರನ್ನು ಮಾರಬೇಡಿ.

ಹ್ಯಾಟ್ರಿಕ್‌ನಲ್ಲಿ ಲೀಗ್‌ಗೆ ಎಂಟು ತಂಡ, ಸೀಸನ್‌ಗೆ 14 ಲೀಗ್ ಮ್ಯಾಚ್, ವಾರಕ್ಕೆ ಒಂದು. ಅದೃಷ್ಟ ಸರಿಹೋಗಲು ಟೈಮೇ ಇಲ್ಲ. ಒಂದು ಸಂಜೆ ಕೆಟ್ಟರೆ ಅದರ ಗುರುತು ಸೀಸನ್ ಕೊನೆವರೆಗೂ ಪಟ್ಟಿಯಲ್ಲಿರುತ್ತದೆ. ಹೀಗಾಗಿ ಆಟ ಪೂರ್ತಿ ಎದುರಾಳಿಯ ಮನಸ್ಸು ಓದುವುದರ ಮೇಲೆ ನಿಂತಿದೆ. ಪ್ರತಿ ಲೀಗ್ ಮ್ಯಾಚ್‌ಗೂ ತಂಡದ ಧೋರಣೆ ಆರಿಸಬೇಕು. ‘ಮ್ಯಾಚ್ ಆಫ್ ದ ಸೀಸನ್’ ಅಂತ ಒತ್ತಿದರೆ ಇವತ್ತು ಮಿಡ್‌ಫೀಲ್ಡ್ ಜೋರಾಗುತ್ತದೆ, ಆದರೆ ತಂಡದ ಹುಮ್ಮಸ್ಸು ಕುಸಿದು ಮುಂದಿನ ವಾರಗಳಲ್ಲಿ ಪೆಟ್ಟು ಬೀಳುತ್ತದೆ. ‘ಪ್ಲೇ ಇಟ್ ಕೂಲ್’ ಅಂದರೆ ಇವತ್ತು ಸಡಿಲ ಆಟ, ಹುಮ್ಮಸ್ಸು ಉಳಿತಾಯ. ಎದುರಿನವನು ಏನು ಒತ್ತಿದ್ದಾನೆ ಅಂತ ಕಾಣುವುದಿಲ್ಲ. ‘ಇವನು ನನ್ನನ್ನು ದುರ್ಬಲ ಅಂದ್ಕೊಂಡು ಸಡಿಲ ಆಡ್ತಾನೆ, ಹಾಗಾಗಿ ನಾನು ಪೂರ್ತಿ ಆಡ್ತೀನಿ, ಅಯ್ಯೋ ಅವನಿಗೆ ಅದೂ ಗೊತ್ತಿದ್ದರೆ?’ ಅಂತ ಮ್ಯಾಚ್‌ಗೆ ಅರ್ಧ ಗಂಟೆ ಮೊದಲು ಪಟ್ಟಿ ಬದಲಾಯಿಸುತ್ತಾ ಕೂರುವುದರಲ್ಲಿ ಎಂಥದೋ ಹುಚ್ಚು ಖುಷಿ ಇದೆ. ಆಮೇಲೆ ಮಳೆ ಬರುತ್ತದೆ. ಹ್ಯಾಟ್ರಿಕ್‌ನಲ್ಲಿ ಮಳೆ ಬಂದರೆ ಚುರುಕು ಕಾಲಿನ ‘ಟೆಕ್ನಿಕಲ್’ ಆಟಗಾರರು ಸೊರಗುತ್ತಾರೆ, ಗಟ್ಟಿ ಮೈಯವರು ಮೆರೆಯುತ್ತಾರೆ.

ಇಲ್ಲಿಗೆ ಬಂದಾಗ ಮಂಡ್ಯದಿಂದ ಬಂದಿದ್ದ ಹಿರಿಯರೊಬ್ಬರು ಕೈ ಎತ್ತಿದರು. ‘ಅಲ್ಲಮ್ಮಾ, ಆ ಅಮೆರಿಕದ ಟೀಮು 121 ಸೋತ್ರೂ ಲೀಗಿಂದ ಆಚೆ ಹಾಕಲ್ವಾ?’ ಅಂತ ಕೇಳಿದರು. ಒಳ್ಳೇ ಪ್ರಶ್ನೆ, ನನ್ನ ಮುಂದಿನ ಮಾತು ಅದೇ ಇತ್ತು.

ಹಾಕುವುದಿಲ್ಲ. ಬೇಸ್‌ಬಾಲ್‌ನಲ್ಲಿ ಕೆಳಗಿನ ಡಿವಿಷನ್‌ಗೆ ಬೀಳುವ ಪದ್ಧತಿಯೇ ಇಲ್ಲ. ಬದಲಿಗೆ ಸೋತವರಿಗೆ ಉಡುಗೊರೆ ಉಂಟು. 1965ರಲ್ಲಿ ಶುರುವಾದ ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನು ಆರಿಸುವ ಮೊದಲ ಸರದಿ ಸೋತ ತಂಡಗಳದ್ದು. ಹಾಗಾಗಿ ಬೇಕಂತಲೇ ಸೋಲುವುದು ಒಂದು ಯೋಜನೆ ಆಗಬಹುದು. ಹ್ಯೂಸ್ಟನ್ ಆಸ್ಟ್ರೋಸ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಮ್ಯಾಚ್ ಸೋತಿತು. 2017ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್, ಗೆದ್ದಿತು. ಆ ಗೆಲುವಿಗೆ ಎದುರಾಳಿಗಳು ತಮ್ಮ ಪಿಚರ್‌ಗೆ ಮಾಡುವ ಗುಟ್ಟಿನ ಸನ್ನೆ ಕದ್ದ ಹಗರಣದ ಕಲೆಯೂ ಅಂಟಿಕೊಂಡಿದೆ, ಅದು ಬೇರೆ. ಈ ಚಾಳಿ ತಡೆಯಲು 2023ರ ಡ್ರಾಫ್ಟ್‌ನಿಂದ ಮೊದಲ ಕೆಲವು ಸರದಿಗಳಿಗೆ ಲಾಟರಿ ತಂದಿದ್ದಾರೆ. ಓಓಟಿಪಿಯ ಆನ್‌ಲೈನ್ ಲೀಗ್‌ಗಳಲ್ಲೂ ಇದೇ ಜಗಳ. ಒಬ್ಬ ತನ್ನ ಒಳ್ಳೇ ಆಟಗಾರರನ್ನೆಲ್ಲ ಕೊಟ್ಟು ಹತ್ತೊಂಬತ್ತರ ಹುಡುಗರನ್ನು ಗುಡ್ಡೆ ಹಾಕಿಕೊಂಡು ಕೂರುತ್ತಾನೆ. ಅದಕ್ಕೇ ಕೆಲವು ಲೀಗ್‌ಗಳಲ್ಲಿ ಕನಿಷ್ಠ ಇಷ್ಟಾದರೂ ಗೆಲ್ಲಬೇಕು ಅಂತ ಮನೆನಿಯಮ ಮಾಡಿಕೊಳ್ಳುತ್ತಾರೆ.

ಫುಟ್‌ಬಾಲ್‌ನಲ್ಲಿ ಸೋತರೆ ಕೆಳಗೆ. 2007-08ರಲ್ಲಿ ಡರ್ಬಿ ಕೌಂಟಿ 38ರಲ್ಲಿ ಒಂದೇ ಒಂದು ಗೆದ್ದು 11 ಅಂಕಕ್ಕೆ ಇಳಿಯಿತು, ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು. ಹ್ಯಾಟ್ರಿಕ್‌ನಲ್ಲೂ ಹಾಗೇ. ಐದು ವರ್ಷದ ಯೋಜನೆ ಅಂತ ಹೇಳಿಕೊಂಡು ಈ ವರ್ಷ ಬಿಟ್ಟುಕೊಡುವ ಹಾಗಿಲ್ಲ. ಹಿರಿಯರಿಗೆ ಈ ಉತ್ತರ ಪೂರ್ತಿ ಒಪ್ಪಿಗೆ ಆಗಲಿಲ್ಲ. ‘ಸೋತ್ರೆ ಲಾಭ ಅನ್ನೋದು ಯಾವ್ ಸೀಮೆ ಆಟ?’ ಅಂತ ನಕ್ಕರು. ನನ್ನ ಮನಸ್ಸೂ ಅವರ ಕಡೆಗೇ. ಪಟ್ಟಿಯ ಕೊನೆಯಲ್ಲಿರುವ ಎರಡು ತಂಡಗಳ ನಡುವಿನ ಮ್ಯಾಚ್‌ಗೂ ಜೀವ ಇರುವುದು ಫುಟ್‌ಬಾಲ್‌ನಲ್ಲೇ.

ಆಟಗಾರರನ್ನು ಬೆಳೆಸುವ ವಿಷಯದಲ್ಲಿ ಮಾತ್ರ ಹ್ಯಾಟ್ರಿಕ್‌ಗೆ ಸಾಟಿ ಇಲ್ಲ ಅನ್ನುತ್ತೇನೆ. ಅಲ್ಲಿ ಆಟಗಾರನ ಒಂದು ವರ್ಷ ಅಂದರೆ ನಮ್ಮ 112 ದಿನ. ಹದಿನೇಳರ ಹುಡುಗ ಇಪ್ಪತ್ತೇಳಾಗಲು ನಮ್ಮ ಮೂರು ವರ್ಷ ಬೇಕು. ಒಂದು ವಾರಕ್ಕೆ ಇಡೀ ತಂಡಕ್ಕೆ ಒಂದೇ ಬಗೆಯ ತರಬೇತಿ. ಸಾಮರ್ಥ್ಯಕ್ಕೆ ಮೆಟ್ಟಿಲುಗಳ ಹಾಗೆ ಹೆಸರುಗಳಿವೆ, ಮೇಲ್ತುದಿಯಲ್ಲಿ ‘ದೈವಿಕ’. ಪಿಯುಸಿಗೆ ಸೇರಿದಾಗ ಕೊಂಡ ಹುಡುಗ ನೀವು ಡಿಗ್ರಿ ಎರಡನೇ ವರ್ಷದಲ್ಲಿರುವಾಗ ತಂಡದ ಬೆನ್ನೆಲುಬಾಗಿರುತ್ತಾನೆ. ಓಓಟಿಪಿಯಲ್ಲಿ ಒಬ್ಬರೇ ಆಡುವಾಗ ಹತ್ತು ವರ್ಷವನ್ನು ಒಂದು ಮಧ್ಯಾಹ್ನ ಓಡಿಸಿಬಿಡಬಹುದು. ಕಾಯುವ ಕಷ್ಟ ಇಲ್ಲ, ಹಾಗಾಗಿ ಆ ಹುಡುಗನ ಮೇಲೆ ಅಷ್ಟು ಮಮಕಾರವೂ ಬರುವುದಿಲ್ಲ. ಆನ್‌ಲೈನ್ ಲೀಗ್‌ನಲ್ಲಿ ಮಾತ್ರ ಎಲ್ಲರೂ ತಮ್ಮ ಆದೇಶಗಳನ್ನು ಕಳಿಸಿದ ಮೇಲೆ ಕಮಿಷನರ್, ಅಂದರೆ ಆ ಲೀಗ್ ನಡೆಸುವವನು, ಕೆಲವು ದಿನಗಳ ಆಟವನ್ನು ಒಟ್ಟಿಗೆ ಆಡಿಸುತ್ತಾನೆ. ಅಲ್ಲಿ ಕಾಯುವ ಸುಖ ಸ್ವಲ್ಪ ಸಿಗುತ್ತದೆ.

ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ‘ಮೇಡಂ, ಕ್ರಿಕೆಟ್‌ಗೆ ಇಂಥದ್ದು ಯಾಕಿಲ್ಲ?’ ಅಂತ ಕೇಳಿದ. ಇದೆ. ಕ್ರಿಕೆಟ್ ಕ್ಯಾಪ್ಟನ್ ಸರಣಿ 1998ರಿಂದ ಬರುತ್ತಿದೆ. ಹ್ಯಾಟ್ರಿಕ್ ನೋಡಿ ಬ್ಯಾಟ್ರಿಕ್ ಅಂತಲೂ ಬಂತು. ಆದರೆ ಯಾವುದೂ ನಮ್ಮಲ್ಲಿ ದೊಡ್ಡದಾಗಲಿಲ್ಲ. ಕ್ರಿಕೆಟ್ ಕೂಡ ಬೇಸ್‌ಬಾಲ್‌ನ ಹಾಗೆ ಚೆಂಡು ಚೆಂಡಿಗೂ ನಿಂತು ಸಾಗುವ ಆಟ, ಲೆಕ್ಕಕ್ಕೆ ಸಿಗುತ್ತದೆ. ಮಳೆ ಬಂದಾಗ ನಾವೆಲ್ಲ ಬೈಯುವ ಡಕ್‌ವರ್ತ್-ಲೂಯಿಸ್ ಪಟ್ಟಿ ಏನು ಹೇಳಿ? ಇಷ್ಟು ಓವರ್ ಉಳಿದಿದೆ, ಇಷ್ಟು ವಿಕೆಟ್ ಬಿದ್ದಿದೆ, ಅಂದರೆ ರನ್ ಗಳಿಸುವ ಶಕ್ತಿ ಇನ್ನೂ ಶೇಕಡ ಇಷ್ಟು ಉಳಿದಿದೆ ಅನ್ನುವ ಲೆಕ್ಕ. ಆ 24 ಸ್ಥಿತಿಗಳ ಪಟ್ಟಿಯ ಅಣ್ಣತಮ್ಮ ಅದು. 1997ರಿಂದ ಬಳಕೆಯಲ್ಲಿದೆ. ಕಷ್ಟ ಇರುವುದು ಟೆಸ್ಟ್ ಪಂದ್ಯದಲ್ಲಿ. ಪಿಚ್ ದಿನದಿಂದ ದಿನಕ್ಕೆ ಬದಲಾಗುತ್ತದೆ, ಚೆಂಡು ಹಳೆಯದಾಗುತ್ತದೆ, ಡ್ರಾ ಮಾಡಿಕೊಳ್ಳಲು ಆಡುವವನ ಲೆಕ್ಕವೇ ಬೇರೆ. ನೀವೇ ಎಂಜಿನಿಯರ್ ಆಗ್ತಿದ್ದೀರಲ್ಲ, ಒಂದು ಟಿ20 ಮಾದರಿಯಿಂದ ಶುರು ಮಾಡಿ ನೋಡಿ. 120 ಚೆಂಡು, ಹತ್ತು ವಿಕೆಟ್, ರಜೆಯಲ್ಲಿ ಬರೆದುಬಿಡಬಹುದು.

ಕೊನೆಗೆ ಖರ್ಚಿನ ಪ್ರಶ್ನೆ ಬಂತು, ಮೈಸೂರಿನಲ್ಲಿ ಬಾರದೆ ಇರುತ್ತದೆಯೇ! ಹ್ಯಾಟ್ರಿಕ್ ಪುಕ್ಕಟೆ. ದುಡ್ಡು ಕೊಟ್ಟು ‘ಸಪೋರ್ಟರ್’ ಆದರೆ ಕೆಲವು ಅನುಕೂಲ ಸಿಗುತ್ತವೆ, ಮ್ಯಾಚ್ ಗೆಲ್ಲುವ ಬಲ ಸಿಗುವುದಿಲ್ಲ. ಹಳೇ ಮೊಬೈಲ್‌ನಲ್ಲೂ ನಡೆಯುತ್ತದೆ. ಓಓಟಿಪಿಯನ್ನು ಕೊಳ್ಳಬೇಕು, ಪ್ರತಿ ವರ್ಷ ಹೊಸ ಆವೃತ್ತಿ ಬರುತ್ತದೆ. ಒಂದೆರಡು ವರ್ಷ ಹಳೆಯದನ್ನು ರಿಯಾಯಿತಿಯಲ್ಲಿ ತೆಗೆದುಕೊಂಡರೆ ಏನೂ ಮೋಸ ಇಲ್ಲ. ಅದರೊಳಗೆ ‘ಪರ್ಫೆಕ್ಟ್ ಟೀಮ್’ ಅಂತ ಕಾರ್ಡ್ ಪ್ಯಾಕ್ ಮಾರುವ ವಿಭಾಗ ಇದೆ, ಕೈ ಸ್ವಲ್ಪ ಬಿಗಿ ಹಿಡಿಯಿರಿ. ಮೊಬೈಲ್‌ನ ಟಾಪ್ ಇಲೆವನ್‌ನಂಥ ಆಟಗಳಲ್ಲಿ ಟೋಕನ್ ಕೊಂಡವರ ಕೆಲಸ ಬೇಗ ಆಗುತ್ತದೆ, ಅದು ನನಗೆ ರುಚಿಸಲಿಲ್ಲ. ಫುಟ್‌ಬಾಲ್ ಮ್ಯಾನೇಜರ್‌ಗೆ ಒಂದು ಮಟ್ಟದ ಲ್ಯಾಪ್‌ಟಾಪ್ ಬೇಕು. ಅವರು ಹೊಸ ಎಂಜಿನ್‌ಗೆ ಬದಲಾಗಲು ಹೋಗಿ 2025ರ ಆವೃತ್ತಿಯನ್ನೇ ರದ್ದು ಮಾಡಿದ್ದರು.

ಶುರು ಮಾಡುವವರಿಗೆ ಇಷ್ಟು ಹೇಳಬಲ್ಲೆ. ಇವತ್ತು ರಾತ್ರಿ ಹ್ಯಾಟ್ರಿಕ್‌ನಲ್ಲಿ ಭಾರತದ ಲೀಗ್ ಆರಿಸಿ ತಂಡಕ್ಕೆ ಅರ್ಜಿ ಹಾಕಿ. ಒಂದು ತರಬೇತಿ ಹಿಡಿದರೆ ಸೀಸನ್ ಪೂರ್ತಿ ಅದನ್ನೇ ಹಿಡಿಯಿರಿ, ವಾರಕ್ಕೊಂದು ಬದಲಾಯಿಸಬೇಡಿ. ಮೂವತ್ತು ದಾಟಿದ ಸ್ಟ್ರೈಕರ್ ಅಗ್ಗಕ್ಕೆ ಸಿಕ್ಕರೆ ಯಾಕೆ ಅಗ್ಗ ಅಂತ ಯೋಚಿಸಿ. ಗೋಲು ಹೊಡೆಯುವವರಿಗಿಂತ ಮೊದಲು ಮಿಡ್‌ಫೀಲ್ಡ್‌ಗೆ ದುಡ್ಡು ಹಾಕಿ, ಯಾಕೆ ಅಂತ ಆಗಲೇ ಹೇಳಿದೆ, ಆ ಆಟ ಮಾಡಿದವರ ಅಭಿಪ್ರಾಯ ಅದು. ಕ್ರಿಕೆಟ್ ಸ್ಕೋರ್ ಪುಸ್ತಕ ತುಂಬುವ ಅಭ್ಯಾಸ ಇರುವವರು ನೇರ ಬೇಸ್‌ಬಾಲ್‌ಗೇ ಹೋಗಿ. ಅಲ್ಲಿ ಬ್ಯಾಟಿಂಗ್ ಆವರೇಜ್ ನೋಡಿ ಮರುಳಾಗದೆ, ಬ್ಯಾಟರ್ ನೂರು ಸಲ ಬಂದರೆ ಎಷ್ಟು ಸಲ ಬೇಸ್ ಮುಟ್ಟುತ್ತಾನೆ ಅನ್ನುವ ಕಾಲಮ್ ಮೊದಲು ನೋಡಿ.